ಹುಳ ಹಣ್ಣಾದ ದಿನ

ನಿಂಗರಾಜುವನ್ನು ಪೊಲೀಸರು ಎತ್ತಿಕೊಂಡು ಹೋದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅವನು ಚಡ್ಡಿಯಲ್ಲಿ ಮಲಗಿದ್ದ. ಹಾಗೇ ಎಳೆದರು. ಹೆಂಡತಿ ಪುಷ್ಪ ಅವನ ಅಂಗಿ ಹಿಡಿದುಕೊಂಡು ಕೇರಿಯ ತುದಿಯವರೆಗೆ ಜೀಪಿನ ಹಿಂದೆ ಓಡಿದಳು. ಜೀಪಿನ ಹಿಂಬದಿಯಲ್ಲಿ ಕೂತಿದ್ದ ಪೇದೆ ಕೈ ಚಾಚಿ ಅಂಗಿ ತೆಗೆದುಕೊಂಡ. ಸ್ವಲ್ಪ ಮುಂದೆ ಹೋಗಿ ಅದನ್ನು ಚರಂಡಿಗೆ ಎಸೆದ.

ಆ ಬೇಸಿಗೆ ದೇಶದ ಎಲ್ಲ ಕಡೆ ಗಲಾಟೆ ನಡೆದಿತ್ತು. ದೆಹಲಿಯಲ್ಲಿ ಒಂದು ತೀರ್ಪು ಬಂದಿತ್ತು. ದಲಿತರನ್ನು ಜಾತಿ ಹಿಡಿದು ಬೈದವರನ್ನು, ಹೊಡೆದವರನ್ನು ದೂರು ಬಂದ ಕೂಡಲೇ ಬಂಧಿಸುವಂತಿಲ್ಲ, ಮೊದಲು ವಿಚಾರಣೆ ಆಗಬೇಕು ಎಂಬುದು ಅದರ ತಿರುಳು. ಉತ್ತರದ ಊರುಗಳಲ್ಲಿ ಜನ ಬೀದಿಗಿಳಿದರು. ಗುಂಡು ಹಾರಿ ಹೆಣ ಬಿದ್ದವು. ನಿಂಗರಾಜುವನ್ನು ಹಿಡಿಯುವ ಹಿಂದಿನ ದಿನ ಕೊಳ್ಳೇಗಾಲದಲ್ಲಿಯೂ ಮೆರವಣಿಗೆ ಆಯಿತು. ಬಂಡಳ್ಳಿ, ಕೌದಳ್ಳಿ ಕಡೆಯಿಂದ ಟೆಂಪೊ ಮಾಡಿಕೊಂಡು ಜನ ಬಂದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಯಾರೋ ಕಲ್ಲು ಬೀಸಿದರು. ಒಂದು ಬಸ್ಸಿನ ಗಾಜು ಒಡೆಯಿತು. ಕಂಡಕ್ಟರನ ಹಣೆಗೆ ಪೆಟ್ಟಾಯಿತು. ನಿಷೇಧಾಜ್ಞೆ ಬಂತು, ಬಸ್ಸುಗಳು ನಿಂತವು.

ನಿಂಗರಾಜು ಗಾರೆ ಕೆಲಸದವನು. ಮೆರವಣಿಗೆಯಲ್ಲಿ ಅವನ ಪಾಲಿಗೆ ಬಂದದ್ದೂ ಹೊರುವ ಕೆಲಸವೇ. ಹೆಗಲ ಮೇಲೆ ನೀರಿನ ಕ್ಯಾನು ಹೊತ್ತು ನಡೆಯುವವರಿಗೆ ಲೋಟದಲ್ಲಿ ನೀರು ಕೊಟ್ಟ. ಅವನನ್ನು ಹಿಡಿಯುವ ಮೊದಲು ಯಾರೂ ವಿಚಾರಣೆ ಮಾಡಲಿಲ್ಲ.

ಅವರ ಊರು ಧನಗೆರೆಯಿಂದ ಒಳಕ್ಕೆ ಇದೆ. ಕೇರಿಗೆ ಪಂಚಾಯಿತಿಯವರು ಅಂಬೇಡ್ಕರ್ ಬೀದಿ ಎಂದು ಬೋರ್ಡು ಹಾಕಿದ್ದಾರೆ. ಊರವರು ಕೇರಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ಇದ್ದವರು ನಿಂಗರಾಜುವಿನ ತಾಯಿ ಚಿಕ್ಕಬಸಮ್ಮ, ಪುಷ್ಪ, ಆರು ತಿಂಗಳ ಹೆಣ್ಣುಕೂಸು. ಅಂದು ಬೆಳಿಗ್ಗೆ ಒಲೆ ಹಚ್ಚಲಿಲ್ಲ. ರಾತ್ರಿ ಉಳಿದ ಮುದ್ದೆ ಪಾತ್ರೆಯಲ್ಲಿ ಹಾಗೇ ಇತ್ತು. ಪುಷ್ಪ ಚರಂಡಿಯಿಂದ ಅಂಗಿ ತೆಗೆದು ಒಗೆದು ಹಗ್ಗದ ಮೇಲೆ ಹಾಕಿದಳು. ಠಾಣೆಗೆ ಹೋಗಲು ಬಸ್ಸಿಲ್ಲ. ಬೈಕಿದ್ದ ಗಂಡಸರೆಲ್ಲ ಪೊಲೀಸರಿಗೆ ಹೆದರಿ ರಾತ್ರಿಯೇ ಊರು ಬಿಟ್ಟಿದ್ದರು.

ಬಿಸಿಲೇರುವ ಹೊತ್ತಿಗೆ ಶಿವರುದ್ರಸ್ವಾಮಿ ಬೈಕಿನಲ್ಲಿ ಬಂದ. ಊರ ಮುಂದಿನ ಹಿಪ್ಪುನೇರಳೆ ತೋಟ, ಅದರ ಪಕ್ಕದ ಶೀಟಿನ ರೇಷ್ಮೆಹುಳದ ಮನೆ ಅವನವು. ಹಿಂದೆ ಪಂಚಾಯಿತಿ ಮೆಂಬರ್ ಆಗಿದ್ದವನು. ಕೇರಿಯೊಳಗೆ ಬರಲಿಲ್ಲ. ನಲ್ಲಿಯ ಹತ್ತಿರ ಬೈಕ್ ನಿಲ್ಲಿಸಿ ಹಾರ್ನ್ ಮಾಡಿದ.

"ಏ ಬಸಮ್ಮ! ಬಾ ಇಲ್ಲಿ. ನಿನ್ ಸೊಸೆನೂ ಕರ್ಕ."

ಚಿಕ್ಕಬಸಮ್ಮ ಸೆರಗು ಎಳೆದುಕೊಂಡು ಓಡಿದಳು. "ಸೊಪ್ಪಿಗಾ ಬುದ್ಧಿ? ಇವತ್ತು ಆಗಾಕಿಲ್ಲ ಬುದ್ಧಿ. ಮಗನ್ನ ಪೋಲೀಸ್ನೋರು..."

"ಗೊತ್ತು ಗೊತ್ತು. ಸೊಪ್ಪಿಗಲ್ಲ. ಹುಳ ಹಣ್ಣಾಗವೆ. ಚಂದ್ರಿಕೆಗೆ ಬುಡಬೇಕು. ಯಳಂದೂರಿಂದ ನಮ್ಮನೆಯೋಳ ತವ್ರುಮನೆ ಹೆಂಗಸ್ರು ಬರ್ಬೇಕಿತ್ತು. ಬಸ್ಸಿಲ್ಲ, ಗಲಾಟೆ ಅಂತ ಬರ್ನಿಲ್ಲ. ನೀವಿಬ್ರೂ ಒಳಕ್ ಬನ್ನಿ."

"ಒಳಕ್ಕಾ?" ಚಿಕ್ಕಬಸಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಬ್ಯಾಡಿ ಬುದ್ಧಿ. ನಮ್ ಕಣ್ಣು ಬಿದ್ರೆ ಹುಳ ಕೆಟ್ಟೋದವು."

ಹೀಗೆ ಹೇಳಿದವಳು ಅವಳೇ. ಮದುವೆಯಾಗಿ ಬಂದಾಗಿನಿಂದ ಅವಳು ಆ ತೋಟದಲ್ಲಿ ಸೊಪ್ಪು ಕೊಯ್ದಿದ್ದಳು. ಸೊಪ್ಪಿನ ಹೊರೆಯನ್ನು ಹುಳದ ಮನೆಯ ಹೊಸ್ತಿಲಾಚೆ ಇಳಿಸಿ, ಬೆನ್ನು ತಿರುಗಿಸಿ ನಿಲ್ಲಬೇಕು. ಒಳಗಿನವರು ಹೊರೆ ಎಳೆದುಕೊಂಡು ಬಾಗಿಲು ಹಾಕುತ್ತಾರೆ. ಕೇರಿಯವರು ಮುಟ್ಟಿದ ಸೊಪ್ಪನ್ನು ಹುಳ ತಿನ್ನಬಹುದು. ಕೇರಿಯವರು ಹುಳವನ್ನು ನೋಡಬಾರದು. ನೋಡಿದರೆ ಬೆಳೆ ಹೋಗುತ್ತದೆ ಎಂದು ಊರು ನಂಬಿತ್ತು. ಚಿಕ್ಕಬಸಮ್ಮನೂ ನಂಬಿದ್ದಳು.

"ಕೆಟ್ರೆ ಆಮೇಲ್ ನೋಡ್ಕಳ್ಳಂವ," ಎಂದ ಶಿವರುದ್ರಸ್ವಾಮಿ. "ಕೇಳು. ನಿನ್ ಮಗನ್ ಹೆಸ್ರು ಇನ್ನೂ ಬರ್ದಿಲ್ಲ. ಸಂಜೆಗೆ ಬರೀತರೆ. ಬರ್ದ್ರೆ ಜೈಲು. ಅದ್ಕ್ ಮುಂಚೆ ನಾನೊಂದ್ ಮಾತಾಡುದ್ರೆ ಬುಟ್ಬುಡ್ತರೆ."

"ಮೊದ್ಲು ಫೋನ್ ಮಾಡಿ ಬುದ್ಧಿ. ಆಮೇಲ್ ಬತ್ತೀವಿ," ಎಂದಳು ಅತ್ತೆಯ ಹಿಂದೆ ಬಂದು ನಿಂತಿದ್ದ ಪುಷ್ಪ.

ಶಿವರುದ್ರಸ್ವಾಮಿ ನಕ್ಕ. "ನೋಡು ಇವ್ಳ. ಮೊದ್ಲು ಹುಳ ಕಣಮ್ಮಿ. ಹುಳ ಕಾಯಾಕಿಲ್ಲ. ನಿನ್ ಗಂಡ ಕಾಯ್ತನೆ."

ಹುಳ ಕಾಯುವುದಿಲ್ಲ ಎಂಬುದು ನಿಜ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ ರೇಷ್ಮೆಹುಳ ವಾರದ ಮಟ್ಟಿಗೆ ಸೊಪ್ಪು ತಿನ್ನುತ್ತದೆ. ಆಮೇಲೆ ಬಾಯಿ ಕಟ್ಟುತ್ತದೆ. ಮೈ ತಿಳಿಯಾಗಿ ಹಳದಿ ತಿರುಗುತ್ತದೆ. ತಲೆ ಎತ್ತಿ ಆಸರೆ ಹುಡುಕುತ್ತದೆ. ಅದೇ ಹಣ್ಣಾದ ಹುಳ. ಅದನ್ನು ಆಗಲೇ ಒಂದೊಂದಾಗಿ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಬಿಡದಿದ್ದರೆ ಕಸದಲ್ಲೇ, ಹಿಕ್ಕೆಯಲ್ಲೇ ನೂಲು ಸುತ್ತಿಕೊಳ್ಳುತ್ತದೆ. ಆ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ.

ಇಬ್ಬರೂ ಕೂಸನ್ನು ಎತ್ತಿಕೊಂಡು ಹೋದರು. ಹುಳದ ಮನೆಯ ಪಕ್ಕದ ದನದ ಕೊಟ್ಟಿಗೆಯ ಹಿಂದೆ ಅವರನ್ನು ಕೂರಿಸಿದರು. ಶಿವರುದ್ರಸ್ವಾಮಿಯ ಹೆಂಡತಿ ಶಿವರತ್ನಮ್ಮ ಗಂಜಲ ಬೆರೆಸಿದ ನೀರನ್ನು ಚೊಂಬಿನಲ್ಲಿ ಎತ್ತರದಿಂದ ಸುರಿದಳು. ಹನಿ ತನಗೆ ಸಿಡಿಯದಂತೆ ಪ್ರತಿಸಲವೂ ಹಿಂದೆ ಸರಿದಳು.

"ನೆನ್ನೆ ಏನ್ ತಿಂದ್ರಿ?"

"ಒಣಮೀನ್ ಸಾರು ಅಮ್ಮಾವ್ರೆ."

"ಥೂ. ಬೂದಿ ತಕಂಡು ಹಲ್ಲುಜ್ಜಿ. ಇನ್ನೊಂದ್ಸಲ ಉಜ್ಜಿ."

ಹಳೆಯ ಪಂಚೆ ಹರಿದು ಎರಡು ತುಂಡು ಎಸೆದಳು. ಬಾಯಿ, ಮೂಗು ಕಟ್ಟಿಕೊಳ್ಳಬೇಕು. ಉಸಿರು ಹುಳದ ಮೇಲೆ ಬೀಳಬಾರದು. ಕಟ್ಟಿಕೊಂಡರು. ಆಗ ಶಿವರತ್ನಮ್ಮನ ಕಣ್ಣು ಪುಷ್ಪಳ ಒದ್ದೆ ಕುಪ್ಪಸದ ಮೇಲೆ ಬಿತ್ತು.

"ಹಾಲು ಕುಡಿಸ್ತಿದ್ದೀಯಾ?"

"ಊಂ. ಆರ್ ತಿಂಗ್ಳ ಕೂಸು."

"ಅಯ್ಯೋ ಶಿವನೆ! ಒಂದ್ ತೊಟ್ಟು ಬಿದ್ರೂ ಹುಳಕ್ಕೆ ಹಾಲುತೊಂಡೆ ಹಿಡಿತದೆ. ಎದೆ ಕಟ್ಕ. ಬಸಮ್ಮ, ನೀನೇ ಕಟ್ಟು."

ಹಾಲುತೊಂಡೆ ಸೋಂಕಿನಿಂದ ಬರುವ ರೋಗ. ಹುಳ ಊದಿ, ಒಡೆದು, ಬಿಳಿಯ ನೀರು ಸುರಿಸಿ ಸಾಯುತ್ತದೆ. ಹೆಂಗಸಿನ ಎದೆಹಾಲಿಗೂ ಅದಕ್ಕೂ ಸಂಬಂಧವಿಲ್ಲ. ರೋಗ ಹೇಗೆ ಬರುತ್ತದೆ, ಹೇಗೆ ತಡೆಯಬೇಕು ಎಂಬ ಸರ್ಕಾರದ ಭಿತ್ತಿಪತ್ರ ಅದೇ ಹುಳದ ಮನೆಯ ಗೋಡೆಯ ಮೇಲೆ ಅಂಟಿಸಿತ್ತು.

ಚಿಕ್ಕಬಸಮ್ಮ ಸೊಸೆಯ ಎದೆಗೆ ಬಟ್ಟೆ ಸುತ್ತಿ ಬೆನ್ನ ಹಿಂದೆ ಗಂಟು ಹಾಕಿದಳು.

"ಇನ್ನೂ ಬಿಗಿ," ಎಂದಳು ಶಿವರತ್ನಮ್ಮ.

ಬಿಗಿದಳು.

"ಅದೇನ್ ಕಟ್ಟಾದು, ಸತ್ತೋರ್ ಕಟ್ದಂಗೆ? ಮಂಡಿ ಕೊಟ್ಟು ಎಳಿ."

ಚಿಕ್ಕಬಸಮ್ಮ ಸೊಸೆಯ ಬೆನ್ನಿಗೆ ಮಂಡಿ ಕೊಟ್ಟು ಎಳೆದಳು. ಪುಷ್ಪಳ ಬಾಯಿಂದ ದನಿ ಹೊರಟಿತು. ಬಾಯಿಯ ಬಟ್ಟೆ ಅದನ್ನು ಒಳಗೇ ತಡೆಯಿತು.

ಕೂಸಿಗೆ ಹೊಂಗೆ ಮರದ ಕೊಂಬೆಯಲ್ಲಿ ಸೀರೆಯ ಜೋಲಿ ಕಟ್ಟಿದರು. ಹುಳದ ಮನೆಯ ಜಾಲರಿ ಕಿಟಕಿಯಿಂದ ಅದು ಕಾಣುತ್ತಿತ್ತು. ಒಮ್ಮೆ ಒಳಗೆ ಹೋದರೆ ಕೆಲಸ ಮುಗಿಯುವವರೆಗೆ ಹೊರಗೆ ಬರುವಂತಿಲ್ಲ. ನೀರು ಕುಡಿಯುವಂತಿಲ್ಲ. ಉಚ್ಚೆಗೂ ಹೋಗುವಂತಿಲ್ಲ.

ಒಳಗೆ ಶೀಟು ಕಾದಿತ್ತು. ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಸೊಪ್ಪಿನ ಹಬೆ, ಹಿಕ್ಕೆಯ ವಾಸನೆ. ಉದ್ದಕ್ಕೂ ಅಟ್ಟಣೆಗಳು, ಒಂದರ ಮೇಲೊಂದು. ಅವುಗಳ ಮೇಲೆ ಸಾವಿರಾರು ಹುಳಗಳು ತಲೆ ಎತ್ತಿ ಆಡಿಸುತ್ತಿದ್ದವು. ಚಿಕ್ಕಬಸಮ್ಮ ಒಳಗೆ ಕಾಲಿಟ್ಟವಳು ಕಣ್ಣು ಮುಚ್ಚಿಕೊಂಡಳು. ಕೈ ಮುಗಿದು, "ತಪ್ಪಾಯ್ತು ಕಣಪ್ಪ, ತಪ್ಪಾಯ್ತು," ಎಂದಳು. ಹೇಳಿದ್ದು ಹುಳಗಳಿಗೆ.

"ಕಣ್ ಬುಡು ಮುದ್ಕಿ! ಕಣ್ ಮುಚ್ಕಂಡು ಹೆಂಗ್ ಆರಿಸ್ತೀಯೆ?" ಹಿಂದೆಯೇ ಬಂದ ಶಿವರತ್ನಮ್ಮ ಗದರಿದಳು.

ಅವಳು ಕಣ್ಣು ಬಿಟ್ಟಳು. ಎಷ್ಟೋ ಬೆಳೆಗೆ ಸೊಪ್ಪು ಹೊತ್ತವಳು ಹಣ್ಣಾದ ಹುಳವನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಯಾವುದು ಹಣ್ಣು, ಯಾವುದು ಕಾಯಿ ತಿಳಿಯಲಿಲ್ಲ. ಇನ್ನೂ ಬೆಳ್ಳಗಿದ್ದ ಹುಳ ಎತ್ತಿದಳು. ಶಿವರತ್ನಮ್ಮ ಬಿದಿರ ದಬ್ಬೆಯಿಂದ ಬೆರಳ ಗೆಣ್ಣಿಗೆ ಹೊಡೆದಳು. ಕೈಯಿಂದ ಹೊಡೆದರೆ ಮೈಲಿಗೆ. ದಬ್ಬೆಗೆ ಮೈಲಿಗೆಯಿಲ್ಲ.

ಪುಷ್ಪ ಬೇಗ ಕಲಿತಳು. ಬಗ್ಗಿ ಕೆಳಗಿನ ಅಟ್ಟಣೆ, ತುದಿಗಾಲಲ್ಲಿ ನಿಂತು ಮೇಲಿನದು. ಹುಳ ತಣ್ಣಗೆ, ಮೆತ್ತಗೆ ಅಂಗೈಯಲ್ಲಿ ಹೊರಳುತ್ತಿತ್ತು. ಅಂಗೈ ತುಂಬಿದಾಗ ಚಂದ್ರಿಕೆಯ ಮೇಲೆ ಬಿಡಿಬಿಡಿಯಾಗಿ ಇಡಬೇಕು. ಒಂದು ಚಂದ್ರಿಕೆ ತುಂಬಿದರೆ ಗೋಡೆಗೆ ಒರಗಿಸಿ ಮತ್ತೊಂದು. ಬೆನ್ನು ಸೆಳೆಯಿತು. ಬೆವರು ಕಣ್ಣಿಗಿಳಿದು ಉರಿಯಿತು. ಒರೆಸಿಕೊಂಡರೆ ಕೈ ಮತ್ತೆ ತೊಳೆಯಬೇಕು, ಹಾಗಾಗಿ ಒರೆಸಿಕೊಳ್ಳಲಿಲ್ಲ. ಗಂಡನನ್ನು ಸಂಜೆಯೊಳಗೆ ಬಿಡುತ್ತಾರೆ ಎಂಬ ಒಂದೇ ಮಾತು ಹಿಡಿದು ಆರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಕೂಸು ಎದ್ದು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಉಸಿರು ಕಟ್ಟುವಂತೆ. ಪುಷ್ಪಳ ಎದೆ ಕಲ್ಲಾಗಿತ್ತು. ಅಳು ಕೇಳಿದಾಗಲೆಲ್ಲ ಹಾಲು ಇಳಿಯಲು ನೋಡಿ, ಬಿಗಿದ ಬಟ್ಟೆಯ ಒಳಗೆ ಕುದಿಯಿತು.

"ಅಮ್ಮಾವ್ರೆ, ಒಂದ್ ಗಳ್ಗೆ. ಕುಡಿಸ್ಬುಟ್ಟು ಬತ್ತೀನಿ."

"ಆಚೆ ಓದ್ರೆ ಮತ್ತೆ ಸ್ನಾನ, ಮತ್ತೆ ಎಲ್ಲ. ಆಟೊತ್ಗೆ ಹುಳ ಕಸ ಸೇರ್ತವೆ. ಅಳ್ಲಿ ಬುಡು. ಅತ್ರೆ ಎದೆ ಗಟ್ಟಿಯಾಗ್ತದೆ."

ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶಿವರತ್ನಮ್ಮನ ಮಗ ಶಿವಕುಮಾರಸ್ವಾಮಿ ಕಾವಲಿಗೆ ಕೂತಿದ್ದ. ಕಾಲುಗಳನ್ನು ಬಾಗಿಲಿಗೆ ಅಡ್ಡ ಚಾಚಿದ್ದ. ಡಿಗ್ರಿ ಓದುವ ಹುಡುಗ. ಕಾಲೇಜು ಬಂದ್ ಆಗಿತ್ತು. ಬೆಳಗಿನಿಂದ ಫೋನ್ ನೋಡಿ ಬೇಸರ ಬಂದಿರಬೇಕು. ಪುಷ್ಪ ಬಾಗಿಲ ಪಕ್ಕದ ಅಟ್ಟಣೆಗೆ ಬಂದಾಗ ಫೋನು ಅವಳತ್ತ ತಿರುಗಿಸಿದ.

"ಏನಮ್ಮಿ, ನಿನ್ ಗಂಡ ಹೀರೋ ಆಗ್ಬುಟ್ಟವ್ನೆ. ನೋಡಿದ್ದೀಯಾ?"

ಮೆರವಣಿಗೆಯ ವಿಡಿಯೊ. ನೀಲಿ ಬಾವುಟಗಳು. ಹೆಗಲ ಮೇಲೆ ಕ್ಯಾನು ಹೊತ್ತ ನಿಂಗರಾಜು ಒಬ್ಬ ಮುದುಕಿಗೆ ನೀರು ಬಗ್ಗಿಸುತ್ತಿದ್ದ. ಗಾಜು ಒಡೆದ ಸದ್ದಾಯಿತು. ಅವನೂ ತಿರುಗಿ ನೋಡಿದ. ಬಸ್ಸು ರಸ್ತೆಯ ಆಚೆ ಬದಿ ಇತ್ತು.

"ಇವ್ನು ಕಲ್ ಹೊಡ್ದಿಲ್ಲ. ನೀರ್ ಕೊಡ್ತಾವ್ನೆ," ಎಂದಳು ಪುಷ್ಪ.

"ಅದ್ ನಂಗೊತ್ತಿಲ್ವಾ? ಠಾಣೆಯೋರ್ಗೆ ಹೆಸ್ರು ಬೇಕಿತ್ತು. ಅಪ್ಪಾಜಿ ಕೊಟ್ರು. ವಿಡಿಯೊ ನಾನೇ ಕಳಿಸ್ದೆ. ಬಸ್ ಸ್ಟಾಪಲ್ಲಿ ಬಾವುಟ ಕಟ್ಟಬ್ಯಾಡ ಅಂತ ಬಡ್ಕಂಡ್ರೂ ಕೇಳ್ದ್ನಾ ಅವ್ನು? ಈಗ ಒಳಗ್ ಕಟ್ಲಿ."

ಒಳಗಿನಿಂದ ಶಿವರತ್ನಮ್ಮ ಕಿರುಚಿದಳು. "ಲೇ ಕುಮಾರ! ಬಾಯ್ ಮುಚ್ಲಾ, ಕೆಲ್ಸ ಮುಗಿಯೋಗಂಟ!"

ಆ ಮಾತು ಕೇಳಿದ ಮೇಲೆ ಪುಷ್ಪಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅಂಗೈ ತುಂಬ ಹುಳ ಇದ್ದವು. ಅವನ್ನು ಚಂದ್ರಿಕೆಗೆ ಬಿಡಲಿಲ್ಲ. ತೆಗೆದ ಜಾಗಕ್ಕೇ ಸುರಿದಳು. ಬಾಯಿಗೆ ಕಟ್ಟಿದ್ದ ಬಟ್ಟೆ ಕಿತ್ತು ಹುಳಗಳ ಮೇಲೆ ಎಸೆದಳು. ನೇರ ಬಾಗಿಲಿಗೆ ನಡೆದಳು.

"ಎಲ್ಲಿಗೆ? ಏ! ನಿಲ್ಲು!" ಶಿವಕುಮಾರಸ್ವಾಮಿಯ ಕಾಲು ಅಡ್ಡ ಇದ್ದವು. ಅವಳು ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಅವಳ ಒದ್ದೆ ಸೀರೆ ಅವನಿಗೆ ತಗಲುತ್ತಿತ್ತು. ಅವನೇ ಕಾಲು ಎಳೆದುಕೊಂಡ. ಕುರ್ಚಿ ಹಿಂದಕ್ಕೆ ಮಗುಚಿತು.

ಪುಷ್ಪ ಜೋಲಿಯಿಂದ ಕೂಸನ್ನು ತೆಗೆದು ತಂದು ಹುಳದ ಮನೆಯ ಜಗಲಿಯ ಮೇಲೆಯೇ ಕೂತಳು. ಗಂಟು ಬಿಚ್ಚಲು ಬರಲಿಲ್ಲ. ಬಟ್ಟೆಯ ಮೇಲಂಚು ಎಳೆದು ಹಲ್ಲಿನಿಂದ ಸೀಳಿದಳು. ಕೂಸು ಬಾಯಿ ಹಾಕುವ ಮೊದಲೇ ಹಾಲು ಹರಿದು ಸೀರೆ, ಜಗಲಿ ಎಲ್ಲ ಒದ್ದೆಯಾಯಿತು.

"ಅಯ್ಯಯ್ಯೋ, ಮೈಲ್ಗೆ ಮಾಡ್ಬುಟ್ಳು! ರೀ, ಓಡ್ ಬನ್ರೀ!"

ಶಿವರುದ್ರಸ್ವಾಮಿ ತೋಟದಿಂದ ಓಡಿಬಂದ. ಒಳಗೆ ಇಣುಕಿದ. ಅರ್ಧದಷ್ಟು ಹುಳ ಇನ್ನೂ ಅಟ್ಟಣೆಯ ಮೇಲೆಯೇ ಇದ್ದವು. ಕೆಲವು ಅಂಚು ದಾಟಿ ಕಂಬ ಹತ್ತುತ್ತಿದ್ದವು. ಕೆಲವು ಹಿಕ್ಕೆಯೊಳಗೆ ತಲೆ ಹುದುಗಿಸಿ ನೂಲು ಬಿಡಲು ಶುರು ಮಾಡಿದ್ದವು. ಚಿಕ್ಕಬಸಮ್ಮ ಮೂಲೆಯಲ್ಲಿ ಇನ್ನೂ ಆರಿಸುತ್ತಲೇ ಇದ್ದಳು.

"ಏಳಮ್ಮಿ. ಒಳಕ್ ಓಗು," ಎಂದ.

"ನೀವೇ ಹೆಸ್ರು ಬರ್ಸಿದ್ದು."

"ಊಂ. ನಾನೇ. ಈಗೇನು? ಬರ್ಸ್ದೋನೇ ತೆಗಿಸ್ಬೇಕು. ಬೇರೆ ಯಾರ್ ಕೈಲಾಗ್ತದೆ? ಇಕ್ಕ, ನಿನ್ನೆದ್ರುಗೇ ಮಾಡ್ತೀನಿ."

ಫೋನ್ ಮಾಡಿದ. ಅವಳಿಗೆ ಕೇಳಲೆಂದು ಸ್ಪೀಕರಿಗೆ ಹಾಕಿದ.

"ನಮಸ್ಕಾರ ಸಾ. ಆ ನಿಂಗರಾಜು ಅನ್ನೋನು... ಸ್ವಲ್ಪ ನೋಡಿ ಬುಟ್ಬುಡಿ ಅಂತ."

ಆಚೆಯವನು ಜೋರಾಗಿ ನಕ್ಕ. "ಏನ್ ಸ್ವಾಮಿಗಳೇ, ಬೆಳಿಗ್ಗೆ ನೀವೇ ಬಂದು ಸಾಕ್ಷಿಗೆ ಸೈನ್ ಹಾಕಿ ಹೋದ್ರಿ. ಎಫ್ಐಆರ್ ಆಗೋಯ್ತು. ಕೋರ್ಟಿಗೂ ಕಳಿಸ್ದ್ವಿ. ಇನ್ನು ಜಾಮೀನ್ ನೋಡ್ಕಳ್ಳಕ್ ಹೇಳಿ."

ಶಿವರುದ್ರಸ್ವಾಮಿ ಫೋನ್ ಜೇಬಿಗೆ ಹಾಕಿದ. ಬೆಳಿಗ್ಗೆ ನಲ್ಲಿಯ ಹತ್ತಿರ ಬಂದು ನಿಂತಾಗಲೇ ಅವನು ಸಹಿ ಮಾಡಿಯಾಗಿತ್ತು. ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ.

ಚಿಕ್ಕಬಸಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಎರಡೂ ಅಂಗೈಯಲ್ಲಿ ಹುಳ. "ಕೋರ್ಟಿಗ್ ಕಳಿಸ್ದ್ರಾ ಬುದ್ಧಿ? ಸಂಜೆಗಂತಲ್ಲ ನೀವಂದಿದ್ದು?"

"ಆಯ್ತಲ್ಲ ಬಸಮ್ಮ, ಆಗೋಗದೆ. ಈಗ ಜಾಮೀನ್ ಬೇಕು. ಜಾಮೀನ್‌ಗೆ ಶೂರಿಟಿ ಬೇಕು. ಶೂರಿಟಿಗೆ ಪಹಣಿ ಬೇಕು. ನಿಮ್ ಕೇರೀಲಿ ಯಾರ್ ಹೆಸ್ರಲ್ಲಿ ಪಹಣಿ ಅದೆ, ಹೇಳು?"

ಕೇರಿಯಲ್ಲಿ ಯಾರ ಹೆಸರಿನಲ್ಲೂ ಒಂದು ಗುಂಟೆ ಇರಲಿಲ್ಲ.

"ಕೊಡೋನು ನಾನೇ. ನಾನ್ ಕೊಟ್ರೆ ಈಚೆ ಬತ್ತನೆ, ಇಲ್ದಿದ್ರೆ ಅಲ್ಲೇ ಕೊಳೀತನೆ. ಒಳಕ್ ಓಗಿ ಇಬ್ರೂ. ಹುಳ ಹಾಳಾಗ್ತಾವೆ."

ಚಿಕ್ಕಬಸಮ್ಮ ಸೊಸೆಯನ್ನು ನೋಡಿದಳು.

ಪುಷ್ಪ ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡಳು. "ನಾನ್ ಬರಾಕಿಲ್ಲ."

"ಗಂಡ ಬ್ಯಾಡ್ವೇನಮ್ಮಿ ನಿಂಗೆ?" ಶಿವರುದ್ರಸ್ವಾಮಿ ಕೇಳಿದ.

"ಬೇಕು. ನಿಮ್ ಕೈಯಿಂದ ಬ್ಯಾಡ."

"ಬೇಡ ಅಂದ್ರೆ ಇನ್ಯಾರ್ ಕೊಡ್ತರೆ ನಾನೂ ನೋಡ್ತೀನಿ. ಈ ಊರಲ್ಲಿ ನನ್ ಮೀರಿ ಒಬ್ಬ ಪಹಣಿ ಕೊಡ್ಲಿ."

ಪುಷ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಡೆದಳು. ಚಿಕ್ಕಬಸಮ್ಮ ಬಾಯಿಯ ಬಟ್ಟೆ ಸರಿಮಾಡಿಕೊಂಡು ಮತ್ತೆ ಒಳಗೆ ಹೋದಳು. ಶಿವರತ್ನಮ್ಮನೂ ಹೋದಳು. ಶಿವಕುಮಾರಸ್ವಾಮಿಯೂ ಹೋದ. ಹುಳ ಮುಟ್ಟಲು ಅಸಹ್ಯಪಟ್ಟು ಅವನು ಎರಡು ಬೆರಳಲ್ಲಿ ಎತ್ತುವಾಗ ಒಡೆದು ಹೋದವೇ ಹೆಚ್ಚು.

ಚಿಕ್ಕಬಸಮ್ಮ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಬೆರಳ ಗೆಣ್ಣುಗಳು ಊದಿದ್ದವು. ಗೋಡೆ ಹಿಡಿದು ಕೂತಳು. ನೀರು ಕೇಳಲಿಲ್ಲ. ಪುಷ್ಪಳೇ ಕೊಟ್ಟಳು. ಕುಡಿದಾದ ಮೇಲೆ ಹೇಳಿದಳು.

"ಕೇಳ್ದೆ. ಪಹಣಿ ಕೊಡ್ತರಂತೆ."

ಪುಷ್ಪ ನೀರಿನ ಲೋಟ ತೆಗೆದು ಪಕ್ಕಕ್ಕಿಟ್ಟಳು.

"ನೀನ್ ಓಗ್ಬೇಕಂತೆ. ಅವ್ರ ಕಾಲಿಗ್ ಬೀಳ್ಬೇಕಂತೆ. ಊರೋರ್ ಮುಂದೆ. ಜಗ್ಲಿ ತೊಳೀಬೇಕಂತೆ."

"ಬೆಳಿಗ್ಗೆನೂ ಹಿಂಗೇ ಏನೋ ಕೊಡ್ತೀವಿ ಅಂದಿದ್ರು ಅತ್ತೆ."

"ಈ ಸಲ ಕೊಡ್ತರೆ ಕಣಮ್ಮಿ. ಅವ್ರಿಗೂ ಮಾನ ಉಳೀಬೇಕಲ್ಲ."

"ನಮ್ಗೆ?"

"ನಮ್ದೇನದೆ? ನಾನ್ ಎಷ್ಟ್ ಕಿತ ಬಿದ್ದಿದ್ದೀನಿ ಗೊತ್ತಾ ಆ ಮನೆ ಕಾಲಿಗೆ? ಸತ್ತೋದ್ನಾ? ಬಿದ್ದು ಎದ್ದು ಬಂದು ಮುದ್ದೆ ತೊಳಸ್ದೆ. ಅದ್ರಾಗೇ ಅವ್ನ ಸಾಕ್ದೆ."

ಆಮೇಲೆ ಮುದುಕಿ ಒಂದು ಕೆಲಸ ಮಾಡಿದಳು. ನೆಲದ ಮೇಲೆ ಮುಂದಕ್ಕೆ ತೆವಳಿ ಸೊಸೆಯ ಎರಡೂ ಪಾದ ಹಿಡಿದು ಹಣೆ ಇಟ್ಟಳು. ಅತ್ತೆ ಸೊಸೆಯ ಕಾಲಿಗೆ ಬಿದ್ದದ್ದನ್ನು ಆ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳು ಬಾಯಿಗೆ ಸೆರಗು ಇಟ್ಟುಕೊಂಡಳು.

"ನನ್ ಮಗನ್ನ ತಂದ್ಕೊಡು. ಒಂದ್ಸಲ ಬಗ್ಗು. ಒಂದೇ ಸಲ."

ಪುಷ್ಪ ಕಾಲು ಬಿಡಿಸಿಕೊಂಡಳು. ಕೈ ಹಿಡಿದು ಎತ್ತಲಿಲ್ಲ. ಎತ್ತಿದ್ದರೆ ಮನಸ್ಸು ಕರಗುತ್ತಿತ್ತೇನೋ.

"ಆಗಾಕಿಲ್ಲ ಅತ್ತೆ."

ಮರುದಿನವೂ ಅವಳು ಹೋಗಲಿಲ್ಲ. ಶಿವರುದ್ರಸ್ವಾಮಿ ಹೇಳಿದ್ದನ್ನು ಮಾಡಿದ. ಊರಲ್ಲಿ ಯಾರೂ ಪಹಣಿ ಕೊಡಲಿಲ್ಲ. ಕೇರಿಯ ಹೆಂಗಸರನ್ನು ಸೊಪ್ಪಿಗೆ ಕರೆಯುವುದನ್ನು ನಿಲ್ಲಿಸಿದರು. ಕೆಲಸ ಹೋದದ್ದು ಪುಷ್ಪಳಿಂದ ಎಂದು ಕೇರಿಯಲ್ಲೇ ಮಾತಾಡಿಕೊಂಡರು. ಅವಳು ಕೂಸನ್ನು ಕಟ್ಟಿಕೊಂಡು ಹನೂರಿನ ಕಡೆ ಇಟ್ಟಿಗೆ ಹೊರಲು ಹೋದಳು. ಚಿಕ್ಕಬಸಮ್ಮ ಅವಳೊಂದಿಗೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದಳು.

ಮುಂಗಾರು ಹಿಡಿದ ಮೇಲೆ ಮೆರವಣಿಗೆಗೆ ಬಂದಿದ್ದ ಬಂಡಳ್ಳಿಯ ದೊಡ್ಡಮಾದಪ್ಪ ಎಂಬವನು ಶೂರಿಟಿ ಕೊಟ್ಟ. ಸರ್ಕಾರ ಕೊಟ್ಟ ತುಂಡು ಜಮೀನು ಅವನ ಹೆಸರಿನಲ್ಲಿತ್ತು. ನಿಂಗರಾಜು ಬಂದ. ಗಡ್ಡ ಬೆಳೆದಿತ್ತು. ಕೂಸು ಗುರುತು ಹಿಡಿಯದೆ ಚೀರಿತು. ಬಲಗೈ ಬಾಯಿಯವರೆಗೂ ಏಳುತ್ತಿರಲಿಲ್ಲ. ಇನ್ನು ಗಾರೆಯ ಕರಣೆ ಹಿಡಿಯುವ ಕೈ ಅದಲ್ಲ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು.

ಪುಷ್ಪ ಬಡಿಸಿದ ತಟ್ಟೆಯ ಮುಂದೆ ಅವನು ಕೂತಾಗ ಚಿಕ್ಕಬಸಮ್ಮ ತನ್ನ ಒಲೆಯ ಹತ್ತಿರದಿಂದ ಹೇಳಿದಳು.

"ಅವತ್ತೇ ಬರ್ತಿದ್ದೆ ಕಣ್ಲಾ ಮಗ. ಕೈಯೂ ಉಳೀತಿತ್ತು. ನಿನ್ ಹೆಂಡ್ರು ಒಂದ್ಸಲ ಬಗ್ಗಿದ್ದಿದ್ರೆ."

ನಿಂಗರಾಜು ಹೆಂಡತಿಯ ಮುಖ ನೋಡಿದ.

"ಬಗ್ನಿಲ್ವಾ?"

"ಇಲ್ಲ," ಎಂದಳು ಪುಷ್ಪ.

ಅವನು ಎಡಗೈಯಿಂದ ಮುದ್ದೆ ಮುರಿದ. ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡ.

"ಇನ್ನೊಸಿ ಸಾರ್ ಬುಡು," ಎಂದು ತಟ್ಟೆಯನ್ನು ಅವಳತ್ತ ಸರಿಸಿದ.